ಹೊಲಿಗಿ ಹಾಕೂ ಅಷ್ಟು ಹೊತ್ತು

ಕುಂದರ್ರಿ ಅನ್ನಾಕ ನನ್ನ ಕಡೆ ಕುರ್ಚಿ ಇಲ್ಲ, ಸೆಕ್ರೆಟರಿ ಸಾಹೇಬ್ರ.
ಬರೇಗಾಲು ಈ ಗೋಣಿತಟ್ಟಿನ ಮ್ಯಾಲ ಇಡ್ರಿ, ಡಾಂಬರು ಸುಡತೈತಿ.
ಬೇಕಾದ್ರ ಲೈಟಿನ ಕಂಬ ಹಿಡಕೋರ್ರಿ.
ಉಂಗಟ ಪೂರಾ ಕಿತ್ತೈತಿ, ಹೊತ್ತು ಹಿಡೀತೈತಿ.
ಹೊತ್ತು ಹಿಡೀತೈತಂತನ ಮಾತು ತಗದೆ.

ಗದಗ ರೋಡಿನ ಈ ಬೇವಿನ ಗಿಡದ ಬುಡಕ
ನಾ ಕುಂತು ಮೂವತ್ತೊಂದು ವರ್ಷ.
ನಿಮ್ಮ ಕ್ಲಬ್ಬಿನ ಮ್ಯಾಚು ಒಂದೂ ನೋಡಿಲ್ಲ.
ಆಟ ಸುರು ಆಗೂ ಹೊತ್ತಿಗೇ ವರ್ಕ್‌ಶಾಪಿನ ಭೋಂಗಾ ಕೂಗತೈತಿ,
ಗಿರಾಕಿ ಬರೂ ಹೊತ್ತು ಅದು.
ಆದ್ರೂ ಯಾರು ಹೆಂಗ ಆಡ್ಯಾರ ನನಗ ಗೊತ್ತಿರತೈತಿ.
ಸೋಮವಾರ ಮುಂಜಾನೆ ಬೂಟು ಬರ್ತಾವಲ್ರಿ.

ಹಿಂದ ನಿಂತು ತಡಿಯಾವಂದು ತುದಿ ಬಾಯಿ ಬಿಟ್ಟಿರತೈತಿ.
ಮೈಗಳ್ಳಂದು ಹಿಮ್ಮಡ ಅಷ್ಟ ಸವದಿರತೈತಿ.
ನಿಮ್ಮ ಅಳಿಯಂದು — ಹೋಗ್ಲಿ ಬಿಡ್ರಿ,
ಅವನ ಬೂಟಿಗೆ ಪಾಲಿಶ್ ಮಾತ್ರ ಮಾಡೇನಿ.

ನದಾಫರ ದಾವಲ್‌ನ ಬೂಟು ಬರೂದ ಇಲ್ಲ.
ಎರಡು ವರ್ಷ ಆತು ತಂದು.
ಅವರಪ್ಪ ಹನ್ನೊಂದು ಗಾದಿ ಹೊಲದ ರೊಕ್ಕ ಅದು.
ನಾನ ಒಂದು ಎಕ್ಸ್ಟ್ರಾ ಹೊಲಿಗಿ ಹಾಕಿ, ಮೇಣ ತಿಕ್ಕಿ ಕೊಟ್ಟಿದ್ನಿ.
ಆ ಮೇಣ ಇನ್ನೂ ಹಂಗ ಮಿಂಚತೈತಿ.
ಹೊಸಾ ಬೂಟು ಹೊಸಾದಾಗೇ ಉಳದ್ರ
ಅಂಗಡ್ಯಾವಗ ಚೊಲೋ, ನಮಗಲ್ಲ.

ನೀವು ಅವನ ಪಾದ ನೋಡೀರೇನು?
ಲೆಕ್ಕ ಎಲ್ಲಾ ಅಲ್ಲಿ ಬರದೈತಿ.
ಗೂಡ್ಸ್ ಶೆಡ್ಡಿನ ಹಿಂದ, ಜಲ್ಲಿ ಕಲ್ಲಿನ ನೆಲದ ಮ್ಯಾಲ,
ಬರೇಗಾಲಿಲೆ, ದೀಪ ಹತ್ತೂ ತನಕ.
ಬೂಟು ಚೀಲದಾಗ. ಯಾಕೋ ಅಂದ್ರ,
‘ಕರದಾಗ ಹಾಕ್ಕೋಬೇಕಲ್ಲ ಕಾಕಾ, ಹರದು ಹೋದ್ರ?’
ಎಡಗಾಲಿನ ಹೆಬ್ಬಟ್ಟು ಸೀಳಿತ್ತು ಮೊನ್ನೆ.
ಚರ್ಮದ ಕೆಲಸ ಮಾಡಾವ ನಾನು,
ಆದ್ರ ಆ ಚರ್ಮಕ್ಕ ಆರಿ ಹಾಕಾಕ ಬರ್ತೈತೇನ್ರಿ?
ಸ್ವಲ್ಪ ಮೇಣ ಕಾಸಿ ಹಚ್ಚಿದೆ.

ನಿಮ್ಮ ಪಟ್ಟ್ಯಾಗ ಅವನ ಹೆಸರು ಹದಿನಾರನೇದು.
ನೀರಿನ ಬಾಟ್ಲಿ ಅವನ ಕೈಯಾಗ.
‘ಮುಂದಿನ ಸಲ ನೋಡೂಣು’ ಅಂತೀರಂತ.
ಆ ಮಾತು ನನ್ನ ಕಡೇನೂ ಐತ್ರಿ.
ಕೆಲಸ ಮಾಡೂ ಮನಸ್ಸು ಇಲ್ಲದಾಗ
ನಾನೂ ಗಿರಾಕಿಗೆ ‘ನಾಳೆ ಬರ್ರಿ’ ಅಂತೀನಿ.

ವಾಸ್ಕೋ ಗಾಡಿ ಇಳದು ಬರೂ ನಾಕು ಮಂದಿ ಮ್ಯಾಲ
ನನಗ ಸಿಟ್ಟಿಲ್ಲ.
ಹೋದ ವರ್ಷ ಅವರಾಗ ಒಬ್ಬ, ಮೀಸಿ ಚಿಗುರಿಲ್ಲ ಇನ್ನೂ,
ಕನ್ನಡ ಬರಂಗಿಲ್ಲ, ಹರದದ್ದು ಬೆರಳಿಲೆ ತೋರಿಸಿದ.
ಹೊಲದ ಮ್ಯಾಲ ಐವತ್ತರ ನೋಟು ಕೊಟ್ಟು
ಚಿಲ್ಲರ ಬ್ಯಾಡ ಅಂತ ಕೈ ಮಾಡಿದ.
ಅವನ ಊರಾಗೂ ಯಾವುದೋ ಬೆಂಚು ಇರಬೇಕು.
ಅದಕ್ಕ ಇಷ್ಟು ದೂರ ಬಂದಾನ.

ಗೆಲ್ಲಬೇಕಲ್ಲೋ ಹುಲಗಪ್ಪಾ, ಅಂತೀರಿ.
ಗೆದ್ರಿ ಹೌದು. ಕಪ್ಪು ಬಂತು.
ಗೋಲು ಹೊಡದಾವ ರಾತ್ರಿ ಗಾಡೀಗೇ ಹೋದ.
ಓಣಿ ಹುಡುಗ್ರು ಹಲಗಿ ತಂದು ನಿಂತಿದ್ವು,
ಯಾರ ಹೆಸರು ಕೂಗೂದಂತ ಗೊತ್ತಾಗ್ದ
ಸುಮ್ಮನ ಬಡದ್ವು, ಬಡದು ಮನೀಗೆ ಹೋದ್ವು.

ಭಾರ ಆ ಕಾಲಿಗೆ ಬಿಡ್ರಿ, ಜೋಮು ಹಿಡದಿರಬೇಕು.
ಹತ್ತು ನಿಮಿಷ ಆಗಿಲ್ಲರಿ ಇನ್ನೂ,
ಗಡಿಯಾರ ಆರು ಸಲ ನೋಡಿದ್ರಿ.

ತಗೋರ್ರಿ. ಆತು.
ಇಪ್ಪತ್ತು ರೂಪಾಯಿ.
ಬಿಡಂಗಿಲ್ಲ, ಯಾರಿಗೂ ಬಿಡಂಗಿಲ್ಲ, ನಾನು ದಾನ ಮಾಡೂದಿಲ್ಲ,
ಹುಡುಗಾನೂ ದಾನ ಕೇಳಾಕತ್ತಿಲ್ಲ.
ತಡೀರಿ, ರೊಕ್ಕ ಆಮ್ಯಾಲ.
ಮೊದಲ ಕಾಲಿಗೆ ಹಾಕ್ಕೋರ್ರಿ.
ನಾಕು ಹೆಜ್ಜಿ ನಡೀರಿ. ಜಗ್ಗಿ ನೋಡ್ರಿ.
ನೋಡದ ಹೆಂಗ ಹೇಳ್ತೀರಿ
ಹೊಲಿಗಿ ಗಟ್ಟಿ ಐತೋ ಇಲ್ಲೋ ಅಂತ.